ಕೀಲಿ ಒಂದು, ಸದ್ದು ಹಲವು

ಇವತ್ತಿನ ಬಹುಪಾಲು ಕೀಲಿಮಣೆಗಳಲ್ಲಿ ಸದ್ದಿಗೆಂದೇ ಮೂರು ಕೀಲಿಗಳಿವೆ. ಏರಿಸಲು ಒಂದು, ಇಳಿಸಲು ಒಂದು, ಪೂರ್ತಿ ಅಡಗಿಸಲು ಇನ್ನೊಂದು. ಆದರೆ ಕಂಪ್ಯೂಟರಿನಲ್ಲಿ ಒಂದೇ ಹೊತ್ತಿಗೆ ಸದ್ದು ಮಾಡುತ್ತಿರುವ ತಂತ್ರಾಂಶಗಳು ನಾಲ್ಕೋ ಐದೋ ಇರುತ್ತವೆ: ಬ್ರೌಸರಿನಲ್ಲೊಂದು ಹಾಡು, ಜೂಮ್‌ನಲ್ಲಿ ಆಫೀಸಿನ ಮೀಟಿಂಗು, ವಾಟ್ಸ್‌ಆ್ಯಪ್ ಸಂದೇಶದ ಟಿಣ್, ಮಕ್ಕಳು ತೆರೆದಿಟ್ಟು ಮರೆತ ಆಟದ ಹಿನ್ನೆಲೆ ಸಂಗೀತ. ಮೀಟಿಂಗಿನಲ್ಲಿ ಯಾರದೋ ಮಾತು ಮೆಲ್ಲಗೆ ಕೇಳುತ್ತಿದೆಯೆಂದು ಏರಿಸುವ ಕೀಲಿ ಒತ್ತಿದರೆ ಹಾಡೂ ಏರುತ್ತದೆ, ಆಟವೂ ಏರುತ್ತದೆ, ಮುಂದಿನ ಟಿಣ್ ಕಿವಿಗೆ ಚುಚ್ಚುತ್ತದೆ.

ಒಂದನ್ನು ಮಾತ್ರ ಏರಿಸಬೇಕೆಂದರೆ ಸಾಮಾನ್ಯವಾಗಿ ಕೀಲಿಮಣೆಯಿಂದ ಕೈ ತೆಗೆಯಬೇಕು. ವಿಂಡೋಸ್ 11ರಲ್ಲಿ ಕೆಳಗಿನ ಪಟ್ಟಿಯ ಸ್ಪೀಕರ್ ಚಿಹ್ನೆಯ ಮೇಲೆ ಬಲ ಕ್ಲಿಕ್, ಅಲ್ಲಿಂದ ವಾಲ್ಯೂಮ್ ಮಿಕ್ಸರ್, ತೆರೆದ ಸೆಟ್ಟಿಂಗ್ಸ್ ಕಿಟಕಿಯಲ್ಲಿ ಆ್ಯಪ್‌ಗಳ ಸಾಲು, ಆ ಸಾಲಿನಲ್ಲಿ ಬೇಕಾದ ಹೆಸರು, ಹೆಸರಿನ ಪಕ್ಕದ ಪಟ್ಟಿಯನ್ನು ಎಳೆಯುವುದು. ಇಷ್ಟೆಲ್ಲ ಆಗುವಷ್ಟರಲ್ಲಿ ಕೇಳಬೇಕಿದ್ದ ಮಾತು ಮುಗಿದಿರುತ್ತದೆ.

ಹಾಗಾಗಿ ಕೀಲಿಮಣೆಯಿಂದಲೇ ಒಂದೊಂದು ತಂತ್ರಾಂಶದ ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ದಾರಿಗಾಗಿ ಹುಡುಕಾಟ ಬಹಳ ಕಾಲದಿಂದ ನಡೆದಿದೆ. ದಾರಿಗಳು ಸಿಕ್ಕಿವೆ, ಒಂದಲ್ಲ ಹತ್ತು. ಒಮ್ಮತ ಮಾತ್ರ ಸಿಕ್ಕಿಲ್ಲ. ಸದ್ದಿನ ಕೀಲಿ ಒತ್ತಿದಾಗ ಅದು ಯಾರಿಗೆ ಸೇರಬೇಕು ಎಂಬ ಪ್ರಶ್ನೆಗೆ ಆಪಲ್ ಒಂದು ಉತ್ತರ ಕೊಡುತ್ತದೆ, ಲಿನಕ್ಸ್ ಬಳಗ ಇನ್ನೊಂದು, ಆಟಗಾರರು ಮಗದೊಂದು. ಕಣ್ಣು ಕಾಣದ ಬಳಕೆದಾರರ ಉತ್ತರವೇ ಬೇರೆ.

ಸ್ಪೀಕರು ಒಬ್ಬರದೇ ಆಗಿದ್ದ ಕಾಲ

1988ರಲ್ಲಿ ಬಂದ ನೆಕ್ಸ್ಟ್ ಕಂಪ್ಯೂಟರಿನ ಕೀಲಿಮಣೆಯಲ್ಲಿ ಆಗಲೇ ಸದ್ದು ಏರಿಸುವ, ಇಳಿಸುವ ಕೀಲಿಗಳಿದ್ದವು. ಆದರೂ ಯಾವ ತಂತ್ರಾಂಶದ ಸದ್ದು ಎಂದು ಯಾರೂ ಕೇಳುವಂತಿರಲಿಲ್ಲ. ಆ ಕಾಲದ ಸಾಮಾನ್ಯ ಕಂಪ್ಯೂಟರುಗಳಲ್ಲಿ ಒಂದು ಹೊತ್ತಿಗೆ ಒಂದೇ ತಂತ್ರಾಂಶ ಸೌಂಡ್ ಕಾರ್ಡನ್ನು ಹಿಡಿದುಕೊಳ್ಳುತ್ತಿತ್ತು. 1989ರಲ್ಲಿ ಸೌಂಡ್ ಬ್ಲಾಸ್ಟರ್ ಕಾರ್ಡ್ ಬಂದು ಮನೆಮನೆಯ ಕಂಪ್ಯೂಟರಿಗೆ ದನಿ ಕೊಟ್ಟಿತು, ಆದರೆ ಆ ದನಿಯೂ ಒಂದು ಹೊತ್ತಿಗೆ ಒಬ್ಬರದೇ. ಮೊದಮೊದಲ ವಿಂಡೋಸ್‌ನಲ್ಲಿ ಎರಡನೆಯ ತಂತ್ರಾಂಶ ಸದ್ದು ಮಾಡಲು ಹೋದರೆ ಸಾಧನ ಬಳಕೆಯಲ್ಲಿದೆ ಎಂಬ ಸೂಚನೆ ಬರುತ್ತಿತ್ತು. ಲಿನಕ್ಸ್‌ನ ಹಳೆಯ ಓಎಸ್‌ಎಸ್ ಪದ್ಧತಿಯಲ್ಲೂ ಅದೇ ಕಥೆ. ಹಾಡು ಮುಗಿಯುವ ತನಕ ಉಳಿದವರು ಕಾಯಬೇಕು.

ಆಗಿನ ವಿಂಡೋಸ್‌ನ ಸದ್ದಿನ ಫಲಕ ನೆನಪಿರುವವರಿಗೆ ಅದರಲ್ಲಿದ್ದ ಪಟ್ಟಿಗಳೂ ನೆನಪಿರಬಹುದು: ವೇವ್, ಸಿಡಿ ಆಡಿಯೊ, ಮಿಡಿ, ಲೈನ್ ಇನ್. ಅವೆಲ್ಲ ಕಾರ್ಡಿಗೆ ಸದ್ದು ಬರುವ ದಾರಿಗಳು. ಯಾವ ತಂತ್ರಾಂಶದ ಹೆಸರೂ ಅಲ್ಲಿರಲಿಲ್ಲ. ವಿಂಡೋಸ್ 98 ಮತ್ತು 2000ದ ಹೊತ್ತಿಗೆ ಹಲವು ತಂತ್ರಾಂಶಗಳ ಸದ್ದನ್ನು ಬೆರೆಸುವ ಕೆಲಸವನ್ನು ಕೆಮಿಕ್ಸರ್ ಎಂಬ ಭಾಗ ವಹಿಸಿಕೊಂಡಿತು. ಆದರೆ ಬೆರೆತ ಮೇಲೆ ಬಳಕೆದಾರನ ಕೈಗೆ ಸಿಗುತ್ತಿದ್ದುದು ಮತ್ತೆ ಅದೇ ಒಂದು ವೇವ್ ಪಟ್ಟಿ. ಹಾಡಿನದನ್ನು ಇಳಿಸಿದರೆ ಎಲ್ಲದರದೂ ಇಳಿಯಿತು.

ದೊಡ್ಡ ತಿರುವು ವಿಂಡೋಸ್ ವಿಸ್ತಾದಲ್ಲಿ ಬಂತು. 2007ರ ಜನವರಿಯಲ್ಲಿ ಸಾರ್ವಜನಿಕರ ಕೈಸೇರಿದ ವಿಸ್ತಾವನ್ನು ಜನ ಬೈದದ್ದೇ ಹೆಚ್ಚು. ನಿಧಾನ, ಭಾರ, ಹಳೆಯ ಪ್ರಿಂಟರು ಓಡುವುದಿಲ್ಲ ಎಂಬ ದೂರುಗಳೆಲ್ಲ ನಿಜ. ಆದರೆ ಸದ್ದಿನ ವಿಚಾರದಲ್ಲಿ ಮೈಕ್ರೋಸಾಫ್ಟ್ ಆಗ ಮಾಡಿದ ಕೆಲಸಕ್ಕೆ ಸಿಗಬೇಕಾದ ಮೆಚ್ಚುಗೆ ಸಿಗಲಿಲ್ಲ ಎಂದೇ ನನ್ನ ಅಭಿಪ್ರಾಯ. ಸದ್ದಿನ ವ್ಯವಸ್ಥೆಯನ್ನು ಅವರು ಬುಡದಿಂದ ಮತ್ತೆ ಕಟ್ಟಿದರು. ಪ್ರತಿ ತಂತ್ರಾಂಶದ ಸದ್ದಿಗೂ ಸೆಷನ್ ಎಂಬ ಲೆಕ್ಕ ತೆರೆದರು, ಆ ಸೆಷನ್ನಿಗೆ ತನ್ನದೇ ಸದ್ದಿನ ಮಟ್ಟ ಕೊಟ್ಟರು, ವಾಲ್ಯೂಮ್ ಮಿಕ್ಸರಿನಲ್ಲಿ ಮೊದಲ ಬಾರಿಗೆ ತಂತ್ರಾಂಶಗಳ ಹೆಸರು ಕಾಣಿಸಿದವು. ಬೇರೆ ತಂತ್ರಾಂಶಗಳ ಸೆಷನ್‌ಗಳನ್ನು ಎಣಿಸಿ, ಹುಡುಕಿ, ಬದಲಿಸುವ ದಾರಿಯನ್ನು 2009ರ ವಿಂಡೋಸ್ 7 ಪ್ರೋಗ್ರಾಮರುಗಳಿಗೆ ತೆರೆದುಕೊಟ್ಟಿತು. ಇಂದು ಕೀಲಿಮಣೆಯ ಹೆಸರಿನಲ್ಲಿ ವಿಂಡೋಸ್‌ನಲ್ಲಿ ನಡೆಯುವ ಎಲ್ಲ ಕಸರತ್ತೂ ಆ ಬಾಗಿಲಿನಿಂದಲೇ ಒಳಹೋಗುತ್ತದೆ.

ಲಿನಕ್ಸ್‌ನಲ್ಲಿ ಅದೇ ಕೆಲಸವನ್ನು ಮಾಡಿದ್ದು ಪಲ್ಸ್‌ಆಡಿಯೊ. ಲೆನಾರ್ಟ್ ಪಟ್ಟರಿಂಗ್ 2004ರಲ್ಲಿ ಪಾಲಿಪ್‌ಆಡಿಯೊ ಎಂಬ ಹೆಸರಿನಲ್ಲಿ ಶುರುಮಾಡಿದ ಈ ಯೋಜನೆ 2006ರಲ್ಲಿ ಈಗಿನ ಹೆಸರು ಪಡೆಯಿತು. 2007ರ ನವೆಂಬರಿನ ಫೆಡೋರಾ 8 ಮತ್ತು 2008ರ ಏಪ್ರಿಲ್‌ನ ಉಬುಂಟು 8.04 ಎಂಬ ಲಿನಕ್ಸ್ ಆವೃತ್ತಿಗಳು ಇದನ್ನು ಎಲ್ಲರ ಯಂತ್ರಕ್ಕೂ ತಂದವು. ಮೊದಲ ವರ್ಷಗಳಲ್ಲಿ ಸದ್ದು ಕಡಿದು ಕಡಿದು ಬರುತ್ತದೆ ಎಂಬ ಗೋಳು ವಿಪರೀತವಾಗಿತ್ತು. ಈಗ ಅದರ ಜಾಗಕ್ಕೆ ವಿಮ್ ಟೇಮನ್ಸ್ ಅವರ ಪೈಪ್‌ವೈರ್ ಬರುತ್ತಿದೆ. 2021ರ ಫೆಡೋರಾ 34ರಿಂದ ಅಲ್ಲಿ ಸದ್ದಿನ ಹೊಣೆ ಅದರದೇ.

ಕೀಲಿ ಹೇಳುವುದು ಎಷ್ಟು?

ವಾದಗಳಿಗೆ ಹೋಗುವ ಮೊದಲು ಕೀಲಿ ಒತ್ತಿದಾಗ ನಿಜವಾಗಿ ಏನಾಗುತ್ತದೆ ಎಂಬುದನ್ನು ನೋಡಬೇಕು. ಯುಎಸ್‌ಬಿ ಕೀಲಿಮಣೆಗಳು ಪಾಲಿಸುವ ನಿಯಮದ ಪಟ್ಟಿಯಲ್ಲಿ ಸದ್ದು ಏರಿಸುವುದಕ್ಕೆ 233, ಇಳಿಸುವುದಕ್ಕೆ 234, ಅಡಗಿಸುವುದಕ್ಕೆ 226 ಎಂಬ ಸಂಖ್ಯೆಗಳಿವೆ. ಕೀಲಿಮಣೆ ಕಳಿಸುವುದು ಆ ಸಂಖ್ಯೆಯನ್ನು ಮಾತ್ರ. ವಿಂಡೋಸ್ ಅವನ್ನು ತನ್ನ ಲೆಕ್ಕದ 175, 174, 173 ಎಂದು ಓದಿಕೊಳ್ಳುತ್ತದೆ. ಯಾವ ತಂತ್ರಾಂಶಕ್ಕೆ ಎಂಬುದು ಆ ಸಂಖ್ಯೆಯೊಳಗಿಲ್ಲ. ಒಳಗೆ ಸಂದೇಶವಿದ್ದು ಹೊರಗೆ ವಿಳಾಸ ಬರೆಯದ ಕಾಗದದಂತೆ ಅದು ಬಂದು ಬೀಳುತ್ತದೆ. ಯಾರ ಮನೆಗೆ ಹಾಕಬೇಕೆಂಬ ನಿರ್ಧಾರ ಆಪರೇಟಿಂಗ್ ಸಿಸ್ಟಮ್ಮಿನದು.

ಸ್ವಾರಸ್ಯವೆಂದರೆ ವಿಂಡೋಸ್‌ನ ವಿನ್ಯಾಸದಲ್ಲಿ ಈ ಸಂದೇಶವನ್ನು ಎದುರಿಗಿರುವ ಕಿಟಕಿಗೆ ತೋರಿಸುವ ಏರ್ಪಾಡು ಮೊದಲೇ ಇದೆ. ಆ ಕಿಟಕಿಯ ತಂತ್ರಾಂಶ ಬೇಕಿದ್ದರೆ ಅದನ್ನು ತನ್ನದೆಂದು ಎತ್ತಿಕೊಳ್ಳಬಹುದು. ಎತ್ತಿಕೊಳ್ಳದಿದ್ದರೆ ಅದು ಮೇಲಕ್ಕೆ ಹೋಗಿ ಇಡೀ ಯಂತ್ರದ ಸದ್ದನ್ನು ನೂರರಲ್ಲಿ ಎರಡರಷ್ಟು ಏರಿಸುತ್ತದೆ ಅಥವಾ ಇಳಿಸುತ್ತದೆ. ಎತ್ತಿಕೊಳ್ಳುವ ತಂತ್ರಾಂಶಗಳು ತೀರಾ ವಿರಳ. ಸದ್ದಿನ ಕೀಲಿ ಎಂದರೆ ಇಡೀ ಯಂತ್ರದ್ದು ಎಂಬ ರೂಢಿ ಅಷ್ಟು ಬೇರೂರಿದೆ.

ಕೇಳುವ ಕಿವಿ ಒಂದೇ ಎನ್ನುವವರು

ಈ ರೂಢಿಯೇ ಸರಿ ಎನ್ನುವುದು ಮೊದಲ ವಾದ. ಕೀಲಿ ಇರುವುದು ಕೇಳುವವನ ಕಿವಿಗಾಗಿ, ಕಿವಿಗೆ ತಲುಪುವ ಒಟ್ಟು ಸದ್ದನ್ನು ಅದು ಆಳಬೇಕು. ಒಳಗಿನ ಹಂಚಿಕೆಯನ್ನು ಆಯಾ ತಂತ್ರಾಂಶ ತನ್ನ ಕಿಟಕಿಯೊಳಗೆ ನೋಡಿಕೊಳ್ಳಲಿ. ಆಪಲ್ ಈ ವಾದದ ಗಟ್ಟಿ ಪ್ರತಿನಿಧಿ. ಮ್ಯಾಕ್‌ನ ಸದ್ದು ಹದಿನಾರು ಮೆಟ್ಟಿಲುಗಳಲ್ಲಿ ಏರಿಳಿಯುತ್ತದೆ. ಆಪ್ಷನ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು ಒತ್ತಿದರೆ ಒಂದು ಮೆಟ್ಟಿಲಿನ ಕಾಲು ಭಾಗದಷ್ಟು ನಯವಾಗಿ ಸರಿಯುತ್ತದೆ. ಇಷ್ಟು ಸೂಕ್ಷ್ಮ ಯೋಚಿಸಿದ ಸಂಸ್ಥೆ ತಂತ್ರಾಂಶವಾರು ಮಿಕ್ಸರನ್ನು ಮ್ಯಾಕ್‌ನಲ್ಲಿ ಕೊಡದೆ ಬಿಟ್ಟಿರುವುದು ಮರೆವಿನಿಂದಲ್ಲ, ಬೇಕೆಂದೇ ಇರಬೇಕು.

ಈ ವಾದ ಒಂದು ವಿಷಯವನ್ನು ಚೆನ್ನಾಗಿ ವಿವರಿಸುತ್ತದೆ. ಕತ್ತಲಲ್ಲಿ, ಗಾಬರಿಯಲ್ಲಿ, ಮಗು ಮಲಗಿರುವಾಗ, ಕೀಲಿ ಒತ್ತಿದರೆ ಸದ್ದು ಅಡಗಲೇಬೇಕು. ಯಾವುದರ ಸದ್ದು ಎಂದು ಯೋಚಿಸುವ ವ್ಯವಧಾನ ಆಗ ಇರುವುದಿಲ್ಲ. ಸದ್ದಡಗಿಸುವ ಕೀಲಿಗಂತೂ ಬೇರೆ ಅರ್ಥ ಇರಲೇಬಾರದು ಎಂಬಲ್ಲಿ ನಾನು ಆಪಲ್ ಪಕ್ಷ.

ಆದರೆ ಮ್ಯಾಕ್ ಬಳಕೆದಾರರು ಇದಕ್ಕೆ ಒಪ್ಪಿ ಸುಮ್ಮನೆ ಕೂತಿಲ್ಲ. ಅಮೆರಿಕದ ರೋಗ್ ಅಮೀಬಾ ಎಂಬ ಸಣ್ಣ ಕಂಪನಿ ಸೌಂಡ್‌ಸೋರ್ಸ್ ತಂತ್ರಾಂಶವನ್ನು ಮಾರುತ್ತಿರುವುದೇ ಈ ಕೊರತೆಯಿಂದ. ಉಚಿತವಾಗಿ ಸಿಗುವ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಎಂಬ ಮುಕ್ತ ತಂತ್ರಾಂಶ ಸುಳ್ಳು ಸ್ಪೀಕರೊಂದನ್ನು ಹುಟ್ಟುಹಾಕಿ, ಎಲ್ಲರ ಸದ್ದನ್ನೂ ಅದಕ್ಕೆ ಹರಿಸಿಕೊಂಡು, ಅಲ್ಲಿ ಅಳೆದು ನಿಜವಾದ ಸ್ಪೀಕರಿಗೆ ಕಳಿಸುತ್ತದೆ. ಆಪಲ್‌ನ ಸ್ವಂತ ಚಿಪ್‌ಗಳು ಬಂದ ಹೊಸದರಲ್ಲಿ ರೋಗ್ ಅಮೀಬಾದ ತಂತ್ರಾಂಶ ಹಾಕಿಕೊಳ್ಳಲು ಯಂತ್ರದ ಭದ್ರತೆಯ ಮಟ್ಟವನ್ನೇ ತಗ್ಗಿಸಿ ಮತ್ತೆ ಚಾಲೂ ಮಾಡಬೇಕಿತ್ತು. ಮ್ಯಾಕ್‌ಓಎಸ್ 14ರ ಆವೃತ್ತಿಗಳಲ್ಲಿ ಬೇರೆ ತಂತ್ರಾಂಶದ ಸದ್ದನ್ನು ಅನುಮತಿ ಪಡೆದು ಹಿಡಿಯುವ ಅಧಿಕೃತ ದಾರಿ ಬಂದ ಮೇಲೆ ಆ ಕಷ್ಟ ತಪ್ಪಿದೆ.

ಎದುರಿಗಿರುವ ಕಿಟಕಿಗೇ ಕೀಲಿ

ಎರಡನೆಯ ವಾದ ಸರಳ. ಟೈಪ್ ಮಾಡಿದ ಅಕ್ಷರ ಎದುರಿಗಿರುವ ಕಿಟಕಿಗೆ ಹೋಗುವುದಾದರೆ ಸದ್ದಿನ ಕೀಲಿಯೂ ಅಲ್ಲಿಗೇ ಹೋಗಲಿ. ಬಳಕೆದಾರ ಹೊಸದಾಗಿ ಏನೂ ಕಲಿಯಬೇಕಿಲ್ಲ. ಒಂದೊಂದು ತಂತ್ರಾಂಶದೊಳಗೆ ಇದು ಈಗಲೂ ಹೀಗೇ ಇದೆ: ಯೂಟ್ಯೂಬ್ ವಿಡಿಯೊ ಎದುರಿಗಿದ್ದಾಗ ಮೇಲಿನ, ಕೆಳಗಿನ ಬಾಣಗಳು ಅದರ ಸದ್ದನ್ನು ಐದೈದರಂತೆ ಸರಿಸುತ್ತವೆ, ವಿಎಲ್‌ಸಿಯಲ್ಲಿ ಕಂಟ್ರೋಲ್ ಹಿಡಿದು ಬಾಣ ಒತ್ತಬೇಕು, ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಮ್ ಒತ್ತಿದರೆ ಎದುರಿನ ಟ್ಯಾಬು ಸುಮ್ಮನಾಗುತ್ತದೆ. ಒಂದರ ಕೀಲಿ ಇನ್ನೊಂದಕ್ಕಿಲ್ಲ ಎಂಬುದೇ ತೊಂದರೆ.

ಎಲ್ಲಕ್ಕೂ ಒಂದೇ ಕೀಲಿ ಬೇಕೆನ್ನುವವರು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಹಿಡಿಯುವ ದಾರಿ ಹೀಗಿದೆ. ನಿರ್‌ಸಾಫ್ಟ್‌ನವರ ನಿರ್‌ಸಿಎಂಡಿ ಎಂಬ ಪುಟ್ಟ ತಂತ್ರಾಂಶಕ್ಕೆ ತಂತ್ರಾಂಶದ ಸದ್ದು ಬದಲಿಸುವ ಆಜ್ಞೆಯೊಂದಿದೆ. ಅದಕ್ಕೆ ತಂತ್ರಾಂಶದ ಹೆಸರಿನ ಜಾಗದಲ್ಲಿ ಫೋಕಸ್ಡ್ ಎಂದು, ಪಕ್ಕದಲ್ಲಿ 0.05 ಎಂದು ಕೊಟ್ಟರೆ ಆ ಗಳಿಗೆಯಲ್ಲಿ ಎದುರಿಗಿರುವ ತಂತ್ರಾಂಶದ ಸದ್ದು ನೂರಕ್ಕೆ ಐದರಷ್ಟು ಏರುತ್ತದೆ. ಆಟೊಹಾಟ್‌ಕೀ ಎಂಬ ಇನ್ನೊಂದು ತಂತ್ರಾಂಶದಲ್ಲಿ ಕಂಟ್ರೋಲ್ ಜೊತೆ ಸದ್ದಿನ ಕೀಲಿ ಒತ್ತಿದಾಗ ಈ ಆಜ್ಞೆ ಓಡಲಿ ಎಂದು ಒಂದು ಸಾಲು ಬರೆದಿಟ್ಟರೆ ಮುಗಿಯಿತು. ಕಂಟ್ರೋಲ್ ಇಲ್ಲದೆ ಒತ್ತಿದರೆ ಇಡೀ ಯಂತ್ರ, ಕಂಟ್ರೋಲ್ ಹಿಡಿದು ಒತ್ತಿದರೆ ಎದುರಿನ ಕಿಟಕಿ.

ಕೇಳಲು ಚೆಂದವಾಗಿರುವ ಈ ಏರ್ಪಾಡು ಎಡವುವ ಜಾಗಗಳು ಹಲವು. ವಿಂಡೋಸ್ ಸ್ಟೋರಿನಿಂದ ಬಂದ ಕೆಲವು ಆ್ಯಪ್‌ಗಳ ಕಿಟಕಿಯ ಯಜಮಾನ ಆ ಆ್ಯಪ್ ಆಗಿರುವುದಿಲ್ಲ, ಅಪ್ಲಿಕೇಶನ್ ಫ್ರೇಮ್ ಹೋಸ್ಟ್ ಎಂಬ ಇನ್ನೊಂದು ಪ್ರೋಗ್ರಾಮು ಆಗಿರುತ್ತದೆ. ಕಿಟಕಿ ಯಾರದೆಂದು ಕೇಳಿದರೆ ಆ ಹೆಸರು ಬರುತ್ತದೆ. ಸದ್ದು ಮಾಡುತ್ತಿರುವವನು ಬೇರೆ. ಕ್ರೋಮ್‌ನಂಥ ಬ್ರೌಸರು ಹತ್ತಾರು ಪ್ರಕ್ರಿಯೆಗಳಾಗಿ ಒಡೆದು ಓಡುತ್ತದೆ, ಕಿಟಕಿ ಒಂದರದು, ಸದ್ದು ಇನ್ನೊಂದರದು. ತಂತ್ರಾಂಶ ಇನ್ನೂ ಸದ್ದೇ ಮಾಡಿರದಿದ್ದರೆ ಅದರ ಸೆಷನ್ನೇ ತೆರೆದಿರುವುದಿಲ್ಲ, ಕೀಲಿ ಒತ್ತಿದರೂ ಏನೂ ಆಗುವುದಿಲ್ಲ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದ ಕಿಟಕಿ ಎದುರಿಗಿದ್ದರೆ ಸಾಮಾನ್ಯ ಅಧಿಕಾರದ ಆಟೊಹಾಟ್‌ಕೀಗೆ ಕೀಲಿ ಒತ್ತಿದ್ದೇ ತಿಳಿಯುವುದಿಲ್ಲ.

ಲಿನಕ್ಸ್‌ನಲ್ಲಿ ತೊಡಕು ಇನ್ನೊಂದು ಬಗೆಯದು. ಹಳೆಯ ಎಕ್ಸ್11 ಪದ್ಧತಿಯಲ್ಲಿ ಯಾವ ತಂತ್ರಾಂಶ ಬೇಕಾದರೂ ಯಾವ ಕೀಲಿಯನ್ನಾದರೂ ಹಿಡಿಯಬಹುದಿತ್ತು, ಎದುರಿನ ಕಿಟಕಿ ಯಾರದೆಂದು ಕೇಳಬಹುದಿತ್ತು. ಪಾಸ್‌ವರ್ಡ್ ಕದಿಯುವವರಿಗೂ ಅದೇ ದಾರಿ. ಹಾಗಾಗಿ ಈಗಿನ ವೇಲ್ಯಾಂಡ್ ಪದ್ಧತಿ ಎರಡನ್ನೂ ಮುಚ್ಚಿದೆ. ಅನುಮತಿ ಕೇಳಿ ಕೀಲಿ ಪಡೆಯುವ ಏರ್ಪಾಡು ಡೆಸ್ಕ್‌ಟಾಪ್‌ಗಳಾದ ಕೆಡಿಇ ಮತ್ತು ಗ್ನೋಮ್‌ಗಳಲ್ಲಿ ಬಂದಿದೆ. ಎದುರಿನ ಕಿಟಕಿಯ ಗುರುತು ಕೇಳುವ, ಎಲ್ಲೆಡೆಯೂ ನಡೆಯುವ ದಾರಿ ಮಾತ್ರ ಇನ್ನೂ ಇಲ್ಲ. ಸ್ವೇಯಂಥ ಕೆಲವು ಡೆಸ್ಕ್‌ಟಾಪ್‌ಗಳು ತಮ್ಮದೇ ಆಜ್ಞೆ ಕೊಟ್ಟಿವೆ ಅಷ್ಟೆ.

ಇವೆಲ್ಲ ಜಾಣ ಪ್ರೋಗ್ರಾಮರುಗಳು ದಾಟಬಲ್ಲ ಅಡ್ಡಿಗಳು. ನನ್ನ ತಕರಾರು ಇದಕ್ಕಿಂತ ಮೂಲದ್ದು. ಕಿರಿಕಿರಿ ಮಾಡುವ ಸದ್ದು ಬರುವುದು ಸಾಮಾನ್ಯವಾಗಿ ಎದುರಿಗಿಲ್ಲದ ಕಿಟಕಿಯಿಂದ. ವರ್ಡ್‌ನಲ್ಲಿ ಬರೆಯುತ್ತ ಕೂತವನಿಗೆ ತೊಂದರೆ ಕೊಡುವುದು ಹಿಂದಿನ ಬ್ರೌಸರು. ಮೀಟಿಂಗಿನಲ್ಲಿ ಕೂತು ಎಕ್ಸೆಲ್ ನೋಡುತ್ತಿರುವವನಿಗೆ ಬೇಕಾದದ್ದು ಹಿಂದಿರುವ ಜೂಮ್‌ನ ದನಿ. ಎದುರಿನ ಕಿಟಕಿಗೆ ಕೀಲಿ ಎಂಬ ವಾದ ಆಟ ಆಡುವವರಿಗೆ, ಸಿನಿಮಾ ನೋಡುವವರಿಗೆ ಒಗ್ಗುತ್ತದೆ. ಕೆಲಸದ ಮೇಜಿಗೆ ಒಗ್ಗುವುದು ಕಡಿಮೆ.

ಹೆಸರು ಹಿಡಿದು ಕರೆಯುವವರು

ಮೂರನೆಯ ವಾದಕ್ಕೆ ನನ್ನ ಒಲವಿದೆ. ಯಾವ ಕಿಟಕಿ ಎದುರಿಗಿದ್ದರೂ ಸರಿ, ಹಾಡಿನ ಸದ್ದಿಗೆ ಒಂದು ಕೀಲಿ, ಮೀಟಿಂಗಿನ ಸದ್ದಿಗೆ ಇನ್ನೊಂದು, ಬ್ರೌಸರಿಗೆ ಮತ್ತೊಂದು. ಬೆರಳಿಗೆ ಒಮ್ಮೆ ಜಾಗ ರೂಢಿಯಾದರೆ ಕಣ್ಣು ಪರದೆಯಿಂದ ಕದಲಬೇಕಿಲ್ಲ.

ಅಷ್ಟು ಕೀಲಿಗಳನ್ನು ತರುವುದೆಲ್ಲಿಂದ ಎಂಬುದಕ್ಕೂ ಉತ್ತರವಿದೆ. ಎಫ್12ರ ಆಚೆ ಎಫ್13ರಿಂದ ಎಫ್24ರ ತನಕ ಹನ್ನೆರಡು ಕೀಲಿಗಳು ಯುಎಸ್‌ಬಿ ನಿಯಮದಲ್ಲೂ ವಿಂಡೋಸ್‌ನಲ್ಲೂ ಇವೆ. ಬಹುಪಾಲು ಕೀಲಿಮಣೆಗಳಲ್ಲಿ ಅವಕ್ಕೆ ಗುಂಡಿಯೇ ಇಲ್ಲವಾದ್ದರಿಂದ ಬೇರೆ ತಂತ್ರಾಂಶಗಳು ಅವನ್ನು ಮುಟ್ಟುವುದು ಕಡಿಮೆ. ಕ್ಯೂಎಂಕೆ ಎಂಬ ಮುಕ್ತ ಫರ್ಮ್‌ವೇರ್ ಹಾಕಿದ ಕೀಲಿಮಣೆಯಲ್ಲಿ ಯಾವ ಗುಂಡಿಯನ್ನಾದರೂ, ತಿರುಗಣೆಯನ್ನಾದರೂ ಈ ಸಂಖ್ಯೆಗಳಿಗೆ ಕಟ್ಟಬಹುದು. ಬಲಕ್ಕೆ ತಿರುಗಿಸಿದರೆ ಎಫ್13, ಎಡಕ್ಕೆ ಎಫ್14. ಆಚೆ ಕಡೆ ಆಟೊಹಾಟ್‌ಕೀ ಅದನ್ನು ಹಿಡಿದು ಹಾಡಿನ ತಂತ್ರಾಂಶಕ್ಕೆ ಮುಟ್ಟಿಸುತ್ತದೆ.

ಇದನ್ನೇ ಕೀಲಿಮಣೆಯ ಹೊರಗೆ ತಂದವರೂ ಇದ್ದಾರೆ. ಡೀಜ್ ಎಂಬ ಮುಕ್ತ ಯೋಜನೆಯಲ್ಲಿ ಆರ್ಡುಯಿನೊ ಹಲಗೆಗೆ ನಾಲ್ಕೈದು ಜಾರುಪಟ್ಟಿಗಳನ್ನು ಬೆಸೆದರೆ ಸ್ಟುಡಿಯೊದವರ ಮಿಕ್ಸರಿನ ಪುಟ್ಟ ರೂಪ ಮೇಜಿನ ಮೇಲೆ ಬರುತ್ತದೆ. ಯಾವ ಪಟ್ಟಿ ಯಾವ ತಂತ್ರಾಂಶಕ್ಕೆ ಎಂಬುದನ್ನು ಒಂದು ಸರಳ ಪಠ್ಯದ ಕಡತದಲ್ಲಿ ಬರೆದಿಟ್ಟರೆ ಸಾಕು. ಎದುರಿನ ಕಿಟಕಿಗೆಂದು ಒಂದು ಪಟ್ಟಿ, ಯಾರ ಪಾಲಿಗೂ ಸೇರದ ಉಳಿದೆಲ್ಲ ತಂತ್ರಾಂಶಗಳಿಗೆ ಇನ್ನೊಂದು ಪಟ್ಟಿ ಇಡುವ ಅವಕಾಶವೂ ಇದೆ. ಎರಡು ವಾದಗಳನ್ನೂ ಇಷ್ಟು ಸಹಜವಾಗಿ ಒಂದೇ ಹಲಗೆಯ ಮೇಲೆ ಕೂರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ದುಡ್ಡಿರುವವರಿಗೆ ತಿರುಗಣೆಗಳಿರುವ ಸ್ಟ್ರೀಮ್ ಡೆಕ್ ಪ್ಲಸ್‌ನಂಥ ಸಿದ್ಧ ಸಾಧನಗಳಿವೆ.

ಹೆಸರು ಹಿಡಿದು ಕರೆಯುವುದರ ಕಷ್ಟ ಲಿನಕ್ಸ್‌ನಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಪ್ಯಾಕ್ಟಲ್ ಎಂಬ ಆಜ್ಞೆಯಿಂದ ಸದ್ದು ಮಾಡುತ್ತಿರುವವರ ಪಟ್ಟಿ ಕೇಳಿದರೆ ಪ್ರತಿಯೊಂದರ ಮುಂದೆ ಒಂದು ಕ್ರಮಸಂಖ್ಯೆ ಬರುತ್ತದೆ. ಹಾಡಿನದು 57 ಎಂದಿಟ್ಟುಕೊಳ್ಳಿ. 57ರ ಸದ್ದು ಐದು ಇಳಿಯಲಿ ಎಂದು ಹೇಳಿದರೆ ಇಳಿಯುತ್ತದೆ. ಅದನ್ನೇ ಒಂದು ಕೀಲಿಗೆ ಕಟ್ಟಿಟ್ಟರೆ ಮರುದಿನ ಕೀಲಿ ಸತ್ತಿರುತ್ತದೆ. ಹಾಡಿನ ತಂತ್ರಾಂಶ ಸದ್ದಿನ ಹರಿವನ್ನು ಹೊಸದಾಗಿ ತೆರೆದಾಗಲೆಲ್ಲ ಹೊಸ ಕ್ರಮಸಂಖ್ಯೆ ಹುಟ್ಟುತ್ತದೆ. ಆದ್ದರಿಂದ ಸ್ಕ್ರಿಪ್ಟು ಪ್ರತಿ ಸಲವೂ ಪಟ್ಟಿ ಓದಿ, ಹೆಸರು ಹುಡುಕಿ, ಆ ಹೆಸರಿನ ಎಲ್ಲ ಹರಿವುಗಳನ್ನೂ ಹಿಡಿಯಬೇಕು. ಪೈಪ್‌ವೈರ್ ಜೊತೆ ಬರುವ ಡಬ್ಲ್ಯೂಪಿಸಿಟಿಎಲ್ ಆಜ್ಞೆ ಪ್ರಕ್ರಿಯೆಯ ಸಂಖ್ಯೆ ಕೊಟ್ಟರೂ ಒಪ್ಪಿಕೊಳ್ಳುತ್ತದೆ, ಅದರಿಂದ ಕೆಲಸ ಸ್ವಲ್ಪ ಹಗುರ.

ಬಗೆಗೊಂದು ಕೀಲಿ, ಇಲ್ಲವೇ ಕೀಲಿಯೇ ಬೇಡ

ತಂತ್ರಾಂಶದ ಹೆಸರಿಗಿಂತ ಸದ್ದಿನ ಬಗೆ ಮುಖ್ಯ ಎನ್ನುವುದು ಇನ್ನೊಂದು ಪಂಥ. ಆಂಡ್ರಾಯ್ಡ್ ಫೋನಿನಲ್ಲಿ ನಾವೆಲ್ಲ ಇದನ್ನು ದಿನವೂ ಬಳಸುತ್ತೇವೆ: ಹಾಡು ಮತ್ತು ವಿಡಿಯೊ ಒಂದು, ಕರೆ ಒಂದು, ರಿಂಗು ಒಂದು, ಅಲಾರಂ ಇನ್ನೊಂದು. ಬದಿಯ ಗುಂಡಿ ಕರೆಯ ನಡುವೆ ಕರೆಯ ದನಿಯನ್ನು, ಹಾಡಿನ ನಡುವೆ ಹಾಡನ್ನು ಸರಿಸುತ್ತದೆ. ಕಂಪ್ಯೂಟರಿನಲ್ಲಿ ಇದಕ್ಕೆ ಹತ್ತಿರದ್ದು ಸ್ಟೀಲ್‌ಸೀರೀಸ್‌ನ ಆರ್ಕ್‌ಟಿಸ್‌ನಂಥ ಆಟದ ಹೆಡ್‌ಸೆಟ್‌ಗಳು. ಅವು ಆಟಕ್ಕೊಂದು, ಮಾತಿಗೊಂದು ಎಂದು ಎರಡು ಸಾಧನಗಳಾಗಿ ವಿಂಡೋಸ್‌ಗೆ ಕಾಣಿಸಿಕೊಳ್ಳುತ್ತವೆ. ಕಿವಿಯ ಬಳಿಯ ತಿರುಗಣೆಯನ್ನು ಒಂದು ಕಡೆ ತಿರುಗಿಸಿದರೆ ಆಟ ಮುಂದೆ, ಇನ್ನೊಂದು ಕಡೆ ತಿರುಗಿಸಿದರೆ ಗೆಳೆಯರ ಮಾತು ಮುಂದೆ. ಪಲ್ಸ್‌ಆಡಿಯೊದಲ್ಲೂ ಪ್ರತಿ ಹರಿವಿಗೆ ಅದರ ಬಗೆಯನ್ನು ನಮೂದಿಸುವ ಸೌಲಭ್ಯವಿತ್ತು, ತಂತ್ರಾಂಶಗಳು ಅದನ್ನು ನಿಷ್ಠೆಯಿಂದ ತುಂಬಲಿಲ್ಲ. ಬ್ರೌಸರಿನೊಳಗೆ ಹಾಡೂ ಇದೆ, ಮೀಟಿಂಗೂ ಇದೆ, ಅದರ ಬಗೆ ಯಾವುದೆಂದು ಬರೆಯುವುದು?

ಯಂತ್ರವೇ ನೋಡಿಕೊಳ್ಳಲಿ ಎನ್ನುವವರು ಇನ್ನೂ ಮುಂದೆ ಹೋಗುತ್ತಾರೆ. ಕರೆ ಬಂದಾಗ ಉಳಿದ ಸದ್ದು ತಾನಾಗಿ ತಗ್ಗುವುದನ್ನು ತಂತ್ರಜ್ಞರು ಡಕಿಂಗ್ ಎನ್ನುತ್ತಾರೆ. ವಿಂಡೋಸ್ 7ರಲ್ಲೇ ಇದು ಬಂತು, ಉಳಿದ ಸದ್ದುಗಳನ್ನು ಶೇಕಡಾ 80ರಷ್ಟು ತಗ್ಗಿಸುವುದು ಅದರ ಮೂಲ ಆಯ್ಕೆ. ಮೀಟಿಂಗಿಗೆ ಸೇರಿದ ಕೂಡಲೇ ಹಾಡು ಎಲ್ಲಿಗೆ ಹೋಯಿತೆಂದು ತಬ್ಬಿಬ್ಬಾದವರು ಅದೆಷ್ಟು ಮಂದಿಯೋ. ಇನ್ನೊಂದು ಕಡೆಯಿಂದ, ಎಲ್ಲ ಕಾರ್ಯಕ್ರಮಗಳ ಸದ್ದನ್ನೂ ಒಂದೇ ಮಟ್ಟಕ್ಕೆ ತರುವ ಪ್ರಸಾರ ನಿಯಮಗಳು ಬಂದವು. ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ತಂದ ಆರ್128 ನಿಯಮ ಅಂಥದ್ದು. ಜಾಹೀರಾತು ಕಿರುಚಿ ಧಾರಾವಾಹಿ ಪಿಸುಗುಡುವ ಕಾಟ ಇದರಿಂದ ತಗ್ಗುತ್ತದೆ. ಆದರೆ ಈಗ ನನಗೆ ಹಾಡು ಮೆಲ್ಲಗೆ, ಮಾತು ಗಟ್ಟಿಯಾಗಿ ಬೇಕು ಎಂಬುದನ್ನು ಯಾವ ನಿಯಮವೂ ಊಹಿಸಲಾರದು. ಅದನ್ನು ಹೇಳಲು ಕೀಲಿಯೇ ಬೇಕು.

ಪರದೆ ಕಾಣದವರ ಲೆಕ್ಕ

ಈ ಚರ್ಚೆ ಬಹುಪಾಲು ಆಟಗಾರರ, ಪ್ರೋಗ್ರಾಮರುಗಳ ನಡುವೆ ನಡೆಯುವುದರಿಂದ ಇದೊಂದು ಅನುಕೂಲದ ಮಾತು ಎಂಬ ಭಾವನೆ ಬಂದುಬಿಟ್ಟಿದೆ. ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಇದು ಅನುಕೂಲದ ಮಾತಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್ ಕಟ್ಟಿದ, ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಅಂಥ ತಂತ್ರಾಂಶ 2006ರಿಂದ ಇದೆ. ಅದರ ಜೊತೆಗೇ ಬರುವ ಇಸ್ಪೀಕ್ ದನಿಗೆ ಕನ್ನಡವೂ ಗೊತ್ತು. ಕನ್ನಡದ ಸುದ್ದಿಪುಟವನ್ನು ಆ ದನಿ ಓದುತ್ತಿರುವಾಗಲೇ ಪುಟದಲ್ಲಿ ತಾನಾಗಿ ವಿಡಿಯೊ ಜಾಹೀರಾತು ಶುರುವಾಯಿತೆಂದು ಇಟ್ಟುಕೊಳ್ಳಿ. ಕಣ್ಣಿರುವವರಿಗೆ ಅದು ಕಿರಿಕಿರಿ. ಕೇಳುವುದರಿಂದಲೇ ಓದುವವರಿಗೆ ಪರದೆಯೇ ಮುಚ್ಚಿಹೋದ ಹಾಗೆ. ಯಂತ್ರದ ಸದ್ದು ಇಳಿಸಿದರೆ ಜಾಹೀರಾತಿನ ಜೊತೆ ಓದುವ ದನಿಯೂ ಇಳಿಯುತ್ತದೆ. ಮಿಕ್ಸರ್ ಹುಡುಕಿ ಹೋಗೋಣವೆಂದರೆ ದಾರಿ ಹೇಳಬೇಕಾದದ್ದು ಆ ಓದುವ ದನಿಯೇ.

ಎನ್‌ವಿಡಿಎ ಇದಕ್ಕೆ ಹಂತಹಂತವಾಗಿ ಉತ್ತರ ಹುಡುಕಿದೆ. 2016.1 ಆವೃತ್ತಿಯಲ್ಲಿ ಓದುವಾಗ ಉಳಿದ ಸದ್ದು ತಗ್ಗುವ ಸೌಲಭ್ಯ ಬಂತು. ಎನ್‌ವಿಡಿಎ ಕೀಲಿ, ಶಿಫ್ಟ್ ಮತ್ತು ಡಿ ಒಟ್ಟಿಗೆ ಒತ್ತಿ ಅದನ್ನು ಬದಲಿಸಬಹುದು. ಆದರೆ ಪೆನ್‌ಡ್ರೈವಿನಲ್ಲಿಟ್ಟು ಓಡಿಸುವ ಪ್ರತಿಯಲ್ಲಿ ಅದು ನಡೆಯುವುದಿಲ್ಲ. ಕಾಲೇಜಿನ ಲ್ಯಾಬಿಗೆ, ಸೈಬರ್ ಸೆಂಟರಿಗೆ ತಮ್ಮ ಪೆನ್‌ಡ್ರೈವ್ ಒಯ್ಯುವ ವಿದ್ಯಾರ್ಥಿಗಳಿಗೆ ಈ ಮಿತಿ ನೇರವಾಗಿ ತಟ್ಟುತ್ತದೆ. 2024.2ರಲ್ಲಿ ಓದುವ ದನಿಯನ್ನು ಒಂದು ಕಿವಿಗೆ, ಉಳಿದೆಲ್ಲ ಸದ್ದನ್ನು ಇನ್ನೊಂದು ಕಿವಿಗೆ ಹಂಚುವ ಸೌಲಭ್ಯ ಬಂದಿದೆ. ಈಚಿನ ಆವೃತ್ತಿಗಳಲ್ಲಿ ತನ್ನನ್ನು ಬಿಟ್ಟು ಉಳಿದ ತಂತ್ರಾಂಶಗಳ ಸದ್ದನ್ನು ಕೀಲಿಯಿಂದಲೇ ಏರಿಳಿಸುವ ಆಜ್ಞೆಗಳೂ ಇವೆ. ಕೀಲಿಮಣೆಯೊಂದನ್ನೇ ನಂಬಿ ಕೆಲಸ ಮಾಡುವವರು ಕೇಳಿ ಪಡೆದ ಈ ಪರಿಹಾರ ಹೆಸರು ಹಿಡಿದು ಕರೆಯುವ ಪಂಥಕ್ಕೇ ಹತ್ತಿರವಿದೆ. ಎದುರಿನ ಕಿಟಕಿ ಯಾವುದಾದರೂ ಈ ಕೀಲಿಗಳ ಅರ್ಥ ಬದಲಾಗುವುದಿಲ್ಲ.

ಬಗೆಹರಿಯದೆ ಉಳಿದದ್ದು

ಒಟ್ಟು ಸದ್ದಿಗೂ ತಂತ್ರಾಂಶದ ಸದ್ದಿಗೂ ನಂಟು ಹೇಗಿರಬೇಕೆಂಬುದು ಹಳೆಯ ಜಗಳ. ವಿಸ್ತಾದ ಮಿಕ್ಸರಿನಲ್ಲಿ ತಂತ್ರಾಂಶದ ಪಟ್ಟಿಯನ್ನು ಒಟ್ಟು ಸದ್ದಿಗಿಂತ ಮೇಲಕ್ಕೆ ಎಳೆದರೆ ಒಟ್ಟು ಸದ್ದೂ ಜೊತೆಗೆ ಏರುತ್ತಿತ್ತು. ಪಲ್ಸ್‌ಆಡಿಯೊ 2009ರ ಹೊತ್ತಿಗೆ ಇದೇ ಮಾದರಿಯನ್ನು ಫ್ಲಾಟ್ ವಾಲ್ಯೂಮ್ ಎಂಬ ಹೆಸರಲ್ಲಿ ತಂದಿತು. ಬಳಕೆದಾರ ಎರಡು ಪಟ್ಟಿಗಳ ನಡುವೆ ತಿಣುಕಬಾರದು ಎಂಬ ಸದುದ್ದೇಶ ಅದರದು. ಆದರೆ ತನ್ನ ಸದ್ದನ್ನು ತಾನೇ ನೂರಕ್ಕೆ ಏರಿಸಿಕೊಳ್ಳುವ ಒಂದು ತಂತ್ರಾಂಶ ಇಡೀ ಯಂತ್ರವನ್ನು ನೂರಕ್ಕೆ ಎಳೆದೊಯ್ಯುತ್ತಿತ್ತು, ಹೆಡ್‌ಫೋನು ಹಾಕಿಕೊಂಡವರು ಬೆಚ್ಚಿಬೀಳುತ್ತಿದ್ದರು. ಉಬುಂಟು ಅದನ್ನು ನಿಲ್ಲಿಸಿತು. ಎರಡೂ ಪಟ್ಟಿಗಳು ಸ್ವತಂತ್ರವಾಗಿದ್ದರೆ ಒಂದು 20ರಲ್ಲಿ, ಇನ್ನೊಂದು 30ರಲ್ಲಿ ಕೂತು ಸದ್ದೇ ಬರುತ್ತಿಲ್ಲವೆಂಬ ಇನ್ನೊಂದು ಫಜೀತಿ. ಎರಡರ ನಡುವೆ ಒಳ್ಳೆಯ ದಾರಿ ಯಾರಿಗೂ ಹೊಳೆದಿಲ್ಲ.

ಒಂದು ಒತ್ತಿಗೆ ಎಷ್ಟು ಎಂಬುದೂ ತೀರ್ಮಾನವಾಗಿಲ್ಲ. ಸದ್ದಿನ ಅಲೆಯನ್ನು ನೇರವಾಗಿ ಅರ್ಧ ಮಾಡಿದರೆ ಇಳಿಯುವುದು 6 ಡೆಸಿಬೆಲ್. ಪಲ್ಸ್‌ಆಡಿಯೊ ಘನದ ಲೆಕ್ಕ ಹಾಕುವುದರಿಂದ ಅದರ ಶೇಕಡಾ 50 ಎಂದರೆ 18 ಡೆಸಿಬೆಲ್ ಕಡಿಮೆ. ಕಿವಿಗೆ ಅರ್ಧವಾಯಿತು ಎನಿಸುವುದು ಸುಮಾರು 10 ಡೆಸಿಬೆಲ್ ಇಳಿದಾಗ. ಪರದೆಯ ಮೇಲೆ ಎಲ್ಲ ಕಡೆಯೂ 50 ಎಂದೇ ಇರುತ್ತದೆ.

ಅಳತೆಯ ಘಟಕ ಯಾವುದು? ತಂತ್ರಾಂಶವೋ, ಟ್ಯಾಬೋ, ಮನುಷ್ಯನೋ? ಡಿಸ್ಕಾರ್ಡ್‌ನಲ್ಲಿ ಮಾತನಾಡುವ ಒಬ್ಬೊಬ್ಬರ ದನಿಗೂ ಬೇರೆ ಪಟ್ಟಿಯಿದೆ; ಬ್ರೌಸರಿನ ಹತ್ತು ಟ್ಯಾಬುಗಳು ಮಿಕ್ಸರಿನಲ್ಲಿ ಒಂದೇ ಹೆಸರಾಗಿ ನಿಲ್ಲುತ್ತವೆ. ಇನ್ನು ಅನುಮತಿಯ ಪ್ರಶ್ನೆ. ವಿಂಡೋಸ್‌ನಲ್ಲಿ ಒಂದು ತಂತ್ರಾಂಶ ಇನ್ನೊಂದರ ಸದ್ದನ್ನು ಕೇಳದೆಯೇ ಇಳಿಸಬಹುದು, ಮ್ಯಾಕ್ ಅನುಮತಿ ಕೇಳುತ್ತದೆ, ವೇಲ್ಯಾಂಡ್ ಕೀಲಿಯನ್ನೇ ಕಾಯುತ್ತದೆ. ಇಳಿಸಿದ್ದನ್ನು ವಿಂಡೋಸ್ ಯಂತ್ರ ಆರಿಸಿದ ಮೇಲೂ ನೆನಪಿಡುತ್ತದೆ. ಕಳೆದ ವಾರ ಕೀಲಿ ಒತ್ತಿ ಅಡಗಿಸಿದ ತಂತ್ರಾಂಶ ಈ ವಾರ ಮೂಕವಾಗಿದ್ದರೆ ಕಾರಣ ಹೊಳೆಯುವುದಿಲ್ಲ. ಯಾವುದರ ಸದ್ದು ಎಷ್ಟಕ್ಕೆ ಬಂತು ಎಂದು ಕೀಲಿ ಒತ್ತಿದ ಕೂಡಲೇ ತೋರಿಸುವ, ಓದಿ ಹೇಳುವ ಏರ್ಪಾಡು ಇಲ್ಲದೆ ತಂತ್ರಾಂಶವಾರು ಕೀಲಿ ಕೊಟ್ಟರೆ ಈ ಗೊಂದಲ ಹೆಚ್ಚುತ್ತದೆ.

ನನ್ನ ಮಟ್ಟಿಗೆ ತೀರ್ಪು ಇಷ್ಟು. ಈಗಿರುವ ಮೂರು ಕೀಲಿಗಳು ಇಡೀ ಯಂತ್ರದ್ದಾಗಿಯೇ ಇರಲಿ. ಅವಕ್ಕೆ ಜೊತೆಯಾಗಿ ಬಳಕೆದಾರ ತಾನೇ ಆರಿಸಿದ ಎರಡೋ ಮೂರೋ ತಂತ್ರಾಂಶಗಳಿಗೆ ಕೀಲಿ ಕಟ್ಟುವ ಅವಕಾಶವನ್ನು ಆಪರೇಟಿಂಗ್ ಸಿಸ್ಟಮ್ಮೇ ಕೊಡಲಿ. ಸ್ಕ್ರಿಪ್ಟು ಬರೆಯಬಲ್ಲವರಿಗೆ ಮಾತ್ರ ಸಿಗುವ ಸೌಲಭ್ಯ ಎಲ್ಲರದಾಗುವುದು ಹಾಗೆ. ಮೈಕ್ರೋಸಾಫ್ಟ್ 2023ರಲ್ಲಿ ಒಂದು ಹೆಜ್ಜೆ ಇಟ್ಟಿದೆ: ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿ, ಕಂಟ್ರೋಲ್ ಮತ್ತು ವಿ ಒಟ್ಟಿಗೆ ಒತ್ತಿದರೆ ಮಿಕ್ಸರಿನ ಪಟ್ಟಿ ಮೂಲೆಯಲ್ಲಿ ತೆರೆಯುತ್ತದೆ, ಟ್ಯಾಬ್ ಒತ್ತಿ ಹೆಸರಿಗೆ ಹೋಗಿ ಬಾಣದಿಂದ ಸದ್ದು ಸರಿಸಬಹುದು. ಮೌಸ್ ಬೇಕಿಲ್ಲ. ಇದನ್ನು ಇವತ್ತೇ ಬಳಸಿ ನೋಡಿ. ಇನ್ನಷ್ಟು ಬೇಕೆನಿಸಿದರೆ ವಿಂಡೋಸ್ ಕೀಲಿಯ ಜೊತೆ ಎಫ್ ಒತ್ತಿ, ತೆರೆಯುವ ಫೀಡ್‌ಬ್ಯಾಕ್ ಹಬ್‌ನಲ್ಲಿ ತಂತ್ರಾಂಶವಾರು ಸದ್ದಿನ ಕೀಲಿ ಬೇಕೆಂದು ಬರೆಯಿರಿ.